ದೂರದ ಕರೆ, ಹತ್ತಿರದ ಭ್ರಮೆ

ಕಾಲೇಜಿನ ಶುಲ್ಕ ಕಟ್ಟಲು ಕೊನೆಯ ದಿನ. ತಂದೆ ಮೊಬೈಲಿನಲ್ಲಿ ಮೊತ್ತ ನಮೂದಿಸಿ ಗುಪ್ತಸಂಖ್ಯೆ ಒತ್ತುತ್ತಾರೆ. ಪರದೆಯ ಮೇಲೆ ಚಕ್ರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ಕೊನೆಗೆ ‘ವಹಿವಾಟು ಬಾಕಿ ಇದೆ’ ಎಂಬ ಒಂದು ಸಾಲು ಮೂಡುತ್ತದೆ. ಖಾತೆಯಿಂದ ಹಣ ಹೋಗಿದೆ. ಕಾಲೇಜಿನ ರಸೀದಿ ಬಂದಿಲ್ಲ. ಮತ್ತೊಮ್ಮೆ ಒತ್ತಬೇಕೇ, ಬೇಡವೇ? ಒತ್ತಿದರೆ ಎರಡು ಸಲ ಹಣ ಹೋದೀತು. ಸುಮ್ಮನಿದ್ದರೆ ದಂಡ ಬಿದ್ದೀತು.

ಇಂಥ ಪೇಚಾಟ ಈಗ ಯಾವ ಊರಿಗೂ ಹೊಸದಲ್ಲ. ಬಹಳ ಮಂದಿ ಇದನ್ನು ‘ಸರ್ವರ್ ಡೌನ್’ ಎಂಬ ಎರಡು ಪದಗಳಲ್ಲಿ ಮುಗಿಸಿಬಿಡುತ್ತಾರೆ. ಆದರೆ ಇದರ ಹಿಂದೆ ಕಂಪ್ಯೂಟರ್ ವಿಜ್ಞಾನದ ಒಂದು ಮೂಲ ಸಮಸ್ಯೆಯೇ ಇದೆ. ಒಂದು ಕಂಪ್ಯೂಟರಿನಲ್ಲಿರುವ ಪ್ರೋಗ್ರಾಂ, ಇನ್ನೊಂದು ಕಂಪ್ಯೂಟರಿನಲ್ಲಿರುವ ಪ್ರೋಗ್ರಾಂನಿಂದ ಕೆಲಸ ಮಾಡಿಸಿಕೊಳ್ಳುವುದು ಹೇಗೆ? ನಡುವೆ ಸಂಪರ್ಕ ಕಡಿದರೆ ಆ ಕೆಲಸದ ಗತಿಯೇನು? ಈ ಪ್ರಶ್ನೆಗೆ ಕೊಟ್ಟ ಉತ್ತರಗಳಲ್ಲಿ ಬಹು ಪ್ರಸಿದ್ಧವಾದದ್ದು 1998ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಮುಂದಿಟ್ಟ ‘ಎಂಟರ್‌ಪ್ರೈಸ್ ಜಾವಾ ಬೀನ್ಸ್’. ಮೊಬೈಲ್ ಪಾವತಿಯ ವ್ಯವಸ್ಥೆಗಳನ್ನು ಕಟ್ಟಲು ಬಗೆಬಗೆಯ ತಂತ್ರಾಂಶಗಳು ಬಳಕೆಯಲ್ಲಿವೆ; ಸಮಸ್ಯೆ ಮಾತ್ರ ಎಲ್ಲಕ್ಕೂ ಒಂದೇ. ಜಾವಾ ಬೀನುಗಳ ಏಳುಬೀಳನ್ನು ನೋಡಿದರೆ ಈ ಸಮಸ್ಯೆ ಚೆನ್ನಾಗಿ ಅರ್ಥವಾಗುತ್ತದೆ. ಎಂಜಿನಿಯರಿಂಗ್ ಓದುತ್ತಿರುವವರಿಗೆ, ಓದಲು ಹೊರಟವರಿಗೆ ಅದರಲ್ಲಿ ಒಂದು ಪಾಠವೂ ಇದೆ.

ಮೂರು ಅಂತಸ್ತಿನ ವ್ಯವಸ್ಥೆ

ಒಂದು ದೊಡ್ಡ ಸಂಸ್ಥೆಯ ಕಂಪ್ಯೂಟರ್ ವ್ಯವಸ್ಥೆಯನ್ನು ಮೂರು ಅಂತಸ್ತಿನ ಕಟ್ಟಡಕ್ಕೆ ಹೋಲಿಸಬಹುದು. ಮೇಲಿನ ಅಂತಸ್ತಿನಲ್ಲಿ ಬಳಕೆದಾರ ನೋಡುವ ಪರದೆ. ಕೆಳಗಿನ ಅಂತಸ್ತಿನಲ್ಲಿ ಲೆಕ್ಕಪತ್ರಗಳೆಲ್ಲ ಇರುವ ಡೇಟಾಬೇಸ್. ಇವೆರಡರ ನಡುವಿನ ಅಂತಸ್ತಿನಲ್ಲಿ ಸಂಸ್ಥೆಯ ನಿಯಮಗಳು: ಯಾರಿಗೆ ಎಷ್ಟು ಶುಲ್ಕ, ಯಾವ ದಿನದ ನಂತರ ದಂಡ, ಯಾರಿಗೆ ರಿಯಾಯಿತಿ ಇತ್ಯಾದಿ.

ಮೊದಮೊದಲು ನಡುವಿನ ಈ ಅಂತಸ್ತು ಪ್ರತ್ಯೇಕವಾಗಿ ಇರಲಿಲ್ಲ. ಅನೇಕ ಕಚೇರಿಗಳಲ್ಲಿ ಪ್ರತಿಯೊಂದು ಮೇಜಿನ ಮೇಲಿನ ಕಂಪ್ಯೂಟರಿನಲ್ಲೂ ನಿಯಮಗಳೆಲ್ಲ ಅಡಗಿದ ಪ್ರೋಗ್ರಾಂ ಇರುತ್ತಿತ್ತು. ಅದು ನೇರವಾಗಿ ಡೇಟಾಬೇಸಿನೊಡನೆ ಮಾತನಾಡುತ್ತಿತ್ತು. ದಂಡದ ದರ ಬದಲಾಯಿತೆನ್ನಿ. 500 ಕಂಪ್ಯೂಟರುಗಳಿದ್ದರೆ 500ರಲ್ಲೂ ಹೊಸ ಪ್ರೋಗ್ರಾಂ ಹಾಕಬೇಕು. ಒಂದರಲ್ಲಿ ಮರೆತರೆ ಒಂದೇ ಕಾಲೇಜಿನಲ್ಲಿ ಎರಡು ಬಗೆಯ ದಂಡ! ಆದ್ದರಿಂದ ನಿಯಮಗಳನ್ನೆಲ್ಲ ತಂದು ಒಂದೇ ಜಾಗದಲ್ಲಿಟ್ಟು, ಬೇಕಾದವರು ಅಲ್ಲಿಗೇ ಬಂದು ಕೇಳಲಿ ಎಂಬ ಏರ್ಪಾಡು ಬಂದಿತು. ಆ ಜಾಗವೇ ‘ಅಪ್ಲಿಕೇಷನ್ ಸರ್ವರ್’. ಅದರೊಳಗೆ ಕುಳಿತು ಒಂದೊಂದು ಕೆಲಸ ಮಾಡಿಕೊಡುವ ತಂತ್ರಾಂಶದ ತುಣುಕೇ ‘ಘಟಕ’.

ಪಕ್ಕದ ಕೋಣೆಗೆ ಕೂಗಿದಂತೆ

ಪ್ರೋಗ್ರಾಂ ಬರೆಯುವವರಿಗೆ ‘ಕರೆ’ ಎಂಬುದು ದಿನನಿತ್ಯದ ಮಾತು. ಪ್ರೋಗ್ರಾಂನ ಒಂದು ಭಾಗ ಇನ್ನೊಂದು ಭಾಗಕ್ಕೆ ‘ಇಷ್ಟು ಲೆಕ್ಕ ಮಾಡಿ ಕೊಡು’ ಎಂದು ಹೇಳಿ ಉತ್ತರ ಪಡೆಯುವುದೇ ಕರೆ. ಎರಡೂ ಭಾಗಗಳು ಒಂದೇ ಕಂಪ್ಯೂಟರಿನಲ್ಲಿದ್ದರೆ ಇದು ಪಕ್ಕದ ಕೋಣೆಯವರನ್ನು ಕೂಗಿದಷ್ಟೇ ಸುಲಭ. ಕರೆಯಬೇಕಾದ ಭಾಗ ದೂರದ ಊರಿನ ಕಂಪ್ಯೂಟರಿನಲ್ಲಿದ್ದರೆ?

ಆಗಲೂ ಹಾಗೆಯೇ ಕೂಗುವಂತಿರಬೇಕು ಎಂಬ ಆಸೆ ಹಳೆಯದು. ಅಮೆರಿಕದ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದ ಆಂಡ್ರ್ಯೂ ಬಿರೆಲ್ ಮತ್ತು ಬ್ರೂಸ್ ನೆಲ್ಸನ್ 1984ರಲ್ಲಿ ಪ್ರಕಟಿಸಿದ ಪ್ರಬಂಧ ಇದಕ್ಕೆ ಭದ್ರ ತಳಪಾಯ ಹಾಕಿತು. ಅವರ ಉಪಾಯ ಸರಳ. ಕರೆಯುವವನ ಬಳಿಯಲ್ಲೇ ಒಬ್ಬ ಪ್ರತಿನಿಧಿಯನ್ನು ಕೂರಿಸುವುದು. ಇದಕ್ಕೆ ‘ಸ್ಟಬ್’ ಎಂದು ಹೆಸರು. ಪ್ರೋಗ್ರಾಂ ಈ ಪ್ರತಿನಿಧಿಯನ್ನು ಮಾಮೂಲಿನಂತೆ ಕರೆಯುತ್ತದೆ. ಪ್ರತಿನಿಧಿಯು ಕೇಳಿದ ವಿಷಯವನ್ನೆಲ್ಲ ಪೊಟ್ಟಣ ಕಟ್ಟಿ ಜಾಲದ ಮೂಲಕ ಕಳುಹಿಸುತ್ತದೆ. ಆ ಕಡೆ ಇನ್ನೊಬ್ಬ ಪ್ರತಿನಿಧಿ ಪೊಟ್ಟಣ ಬಿಚ್ಚಿ, ನಿಜವಾದ ಕೆಲಸ ಮಾಡಿಸಿ, ಉತ್ತರವನ್ನು ಅದೇ ರೀತಿ ಹಿಂದಕ್ಕೆ ಕಳುಹಿಸುತ್ತದೆ. ಮೂಲ ಪ್ರೋಗ್ರಾಂಗೆ ನಡುವೆ ನಡೆದ ಸಾಗಣೆಯ ಅರಿವೇ ಇರುವುದಿಲ್ಲ.

ಆದರೆ ಈ ಇಬ್ಬರು ವಿಜ್ಞಾನಿಗಳು ಅಂದೇ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿದ್ದರು. ಉತ್ತರ ಬಂದರೆ ಕೆಲಸ ಸರಿಯಾಗಿ ಒಂದು ಸಲ ನಡೆದಿದೆ ಎಂದು ಅರ್ಥ. ಉತ್ತರ ಬಾರದಿದ್ದರೆ ಕೆಲಸ ಒಂದು ಸಲ ನಡೆದಿರಬಹುದು ಅಥವಾ ನಡೆಯದೆಯೇ ಇರಬಹುದು. ಇವೆರಡರಲ್ಲಿ ಯಾವುದು ಎಂಬುದನ್ನು ಕರೆದವನು ಹೇಳಲಾರ. ಶುಲ್ಕ ಕಟ್ಟಲು ಹೋಗಿ ಬಾಕಿಯ ಸಾಲು ನೋಡುತ್ತ ಕುಳಿತವರ ಸ್ಥಿತಿಯೂ ಇದೇ ಅಲ್ಲವೇ?

ಕಾಫಿ ಬೀಜದ ಹೆಸರು

ಸನ್ ಕಂಪನಿಯ ಜಾವಾ ಭಾಷೆ ಲೋಕಕ್ಕೆ ಪರಿಚಯವಾದದ್ದು 1995ರ ಮೇ ತಿಂಗಳಲ್ಲಿ. ಇದರ ಮುಖ್ಯ ಶಿಲ್ಪಿ ಜೇಮ್ಸ್ ಗೋಸ್ಲಿಂಗ್. ಅಮೆರಿಕದ ಆಡುಮಾತಿನಲ್ಲಿ ಜಾವಾ ಎಂದರೆ ಕಾಫಿ. ಆದ್ದರಿಂದಲೇ ಆ ಭಾಷೆಯಲ್ಲಿ ಕಟ್ಟಿದ ಘಟಕಗಳಿಗೆ ‘ಬೀನ್’, ಅಂದರೆ ಕಾಫಿ ಬೀಜ ಎಂಬ ಹೆಸರು ಅಂಟಿಕೊಂಡಿತು.

1997ರಲ್ಲಿ ಬಂದ ಜಾವಾ 1.1 ಆವೃತ್ತಿಯಲ್ಲಿ ದೂರದ ಕರೆಯ ಸೌಲಭ್ಯ ಸೇರಿತು. ಅದರ ಹೆಸರು ಆರ್‌ಎಂಐ. ಮರುವರ್ಷ, 1998ರಲ್ಲಿ, ಅದರ ಮೇಲೆ ಕಟ್ಟಿದ ಎಂಟರ್‌ಪ್ರೈಸ್ ಜಾವಾ ಬೀನ್ಸ್‌ನ ಮೊದಲ ನಿಯಮಾವಳಿ ಹೊರಬಂದಿತು. 1999ರ ಡಿಸೆಂಬರಿನಲ್ಲಿ ಇವೆಲ್ಲವನ್ನೂ ಒಂದೇ ಕಟ್ಟಿನಲ್ಲಿ ಸೇರಿಸಿ ಜೆ2ಇಇ ಎಂದು ಕರೆಯಲಾಯಿತು. ಬಿಇಎ ಕಂಪನಿಯ ವೆಬ್‌ಲಾಜಿಕ್, ಐಬಿಎಂನ ವೆಬ್‌ಸ್ಫಿಯರ್, ಉಚಿತವಾಗಿ ಸಿಗುತ್ತಿದ್ದ ಜೆಬಾಸ್ ಮುಂತಾದ ಅಪ್ಲಿಕೇಷನ್ ಸರ್ವರುಗಳು ಈ ನಿಯಮಾವಳಿಯನ್ನು ಅನುಸರಿಸಿ ತಯಾರಾದವು. ಒಂದರಲ್ಲಿ ನಡೆಯುವ ಬೀನು ಇನ್ನೊಂದರಲ್ಲೂ ನಡೆಯಬೇಕು ಎಂಬುದು ಇದರ ಉದ್ದೇಶ.

ಬೀನು ಕಟ್ಟುವ ಬಗೆ

ಶುಲ್ಕ ಪಡೆಯುವ ಒಂದು ಬೀನನ್ನು ಕಟ್ಟುವುದು ಹೇಗೆ ನೋಡೋಣ. ಮೊದಲು ಬೇಕಾದದ್ದು ಒಪ್ಪಂದಪತ್ರ. ಇದಕ್ಕೆ ಇಂಟರ್‌ಫೇಸ್ ಎನ್ನುತ್ತಾರೆ. ‘ಶುಲ್ಕ ಸ್ವೀಕರಿಸು’ ಎಂಬ ಕೆಲಸವಿದೆ, ಅದಕ್ಕೆ ವಿದ್ಯಾರ್ಥಿಯ ಸಂಖ್ಯೆ ಮತ್ತು ಮೊತ್ತ ಕೊಡಬೇಕು, ಪ್ರತಿಯಾಗಿ ರಸೀದಿ ಸಂಖ್ಯೆ ಸಿಗುತ್ತದೆ ಎಂದಷ್ಟೇ ಅದರಲ್ಲಿ ಬರೆದಿರುತ್ತದೆ. ಕೆಲಸ ಹೇಗೆ ನಡೆಯುತ್ತದೆ ಎಂಬುದು ಅಲ್ಲಿ ಇರುವುದಿಲ್ಲ. ಅದನ್ನು ಬರೆಯುವುದು ಎರಡನೆಯ ಭಾಗವಾದ ಕ್ಲಾಸಿನಲ್ಲಿ. ಈ ಎರಡನ್ನೂ ಒಂದು ಕಡತವಾಗಿ ಕಟ್ಟಿ ಸರ್ವರಿನಲ್ಲಿ ಇಟ್ಟರೆ ನಿಯೋಜನೆ ಮುಗಿಯಿತು.

ಸರ್ವರಿನೊಳಗೆ ಬೀನು ಒಂಟಿಯಾಗಿ ಇರುವುದಿಲ್ಲ. ಅದನ್ನು ಸುತ್ತುವರಿದು ‘ಕಂಟೇನರ್’ ಎಂಬ ಮೇಲ್ವಿಚಾರಕ ಇರುತ್ತಾನೆ. ಹೊರಗಿನಿಂದ ಬರುವ ಪ್ರತಿಯೊಂದು ಕರೆಯೂ ಇವನನ್ನು ದಾಟಿಯೇ ಹೋಗಬೇಕು. ಕರೆದವನಿಗೆ ಅನುಮತಿ ಇದೆಯೇ ಎಂದು ನೋಡುವುದು, ಒಮ್ಮೆಗೇ ನೂರಾರು ಕರೆಗಳು ಬಂದರೆ ಬೀನಿನ ಹಲವು ಪ್ರತಿಗಳನ್ನು ಸಿದ್ಧವಿಟ್ಟು ಹಂಚುವುದು, ಡೇಟಾಬೇಸಿನಲ್ಲಿ ಅರೆಬರೆ ಕೆಲಸ ಉಳಿಯದಂತೆ ಕಾಯುವುದು ಇವೆಲ್ಲ ಕಂಟೇನರಿನ ಹೊಣೆ. ಬೀನು ಬರೆಯುವವನು ಶುಲ್ಕದ ನಿಯಮಗಳ ಬಗ್ಗೆ ಮಾತ್ರ ತಲೆ ಕೆಡಿಸಿಕೊಂಡರೆ ಸಾಕು. ಈ ಕಲ್ಪನೆಯ ದೊಡ್ಡ ಆಕರ್ಷಣೆ ಇದೇ.

ಇನ್ನು ದೂರದಲ್ಲಿರುವ ಪ್ರೋಗ್ರಾಂ ಈ ಬೀನನ್ನು ಹುಡುಕುವುದು ಹೇಗೆ? ಸರ್ವರಿನಲ್ಲಿ ದೂರವಾಣಿ ಪುಸ್ತಕದಂಥ ಒಂದು ಹೆಸರುಪಟ್ಟಿ ಇರುತ್ತದೆ. ಅದನ್ನು ಬಳಸುವ ವಿಧಾನಕ್ಕೆ ಜೆಎನ್‌ಡಿಐ ಎಂದು ಹೆಸರು. ಸರ್ವರಿನ ವಿಳಾಸ ಕೊಟ್ಟು, ಬೀನಿನ ಹೆಸರು ಹೇಳಿದರೆ ಪಟ್ಟಿಯಿಂದ ಒಂದು ಪ್ರತಿನಿಧಿ ಕೈಗೆ ಬರುತ್ತದೆ. ಬೀನೇ ಬರುವುದಿಲ್ಲ, ಅದು ಸರ್ವರಿನಲ್ಲೇ ಇರುತ್ತದೆ. ಪ್ರತಿನಿಧಿಯನ್ನು ಕರೆದರೆ ಅದು ಬೀನಿಗೆ ಸುದ್ದಿ ಮುಟ್ಟಿಸುತ್ತದೆ. ಹೊಸಬರು ಮೊದಲು ಎಡವುವುದು ಇಲ್ಲಿಯೇ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ‘ಅಂಥ ಹೆಸರಿಲ್ಲ’ ಎಂಬ ಉತ್ತರ ಸಿದ್ಧ. ಒಪ್ಪಂದಪತ್ರದ ಪ್ರತಿಯು ಕರೆಯುವ ಕಂಪ್ಯೂಟರಿನಲ್ಲೂ ಇರಬೇಕು. ಎರಡು ಕಡೆಯ ಪ್ರತಿಗಳು ತಾಳೆಯಾಗದಿದ್ದರೂ ಕರೆ ಸಾಗದು.

ಬೆಳಕಿಗೂ ಒಂದು ಮಿತಿ

ಹೀಗೆ ದೂರದ ಬೀನು ಕೈಯಳತೆಯಲ್ಲಿ ಇರುವಂತೆ ಕಾಣತೊಡಗಿತು. ಪ್ರೋಗ್ರಾಂನ ಸಾಲನ್ನು ಓದಿದರೆ ಅದು ಹತ್ತಿರದ ಕರೆಯೋ ದೂರದ ಕರೆಯೋ ಎಂದು ಗುರುತಿಸುವುದೇ ಕಷ್ಟ. ಆದರೆ ಭೌತಶಾಸ್ತ್ರ ಈ ಭ್ರಮೆಗೆ ಒಪ್ಪುವುದಿಲ್ಲ. ಒಂದು ಸಣ್ಣ ಲೆಕ್ಕ ಮಾಡೋಣ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಬೆಂಗಳೂರಿನಿಂದ ದೆಹಲಿಗೆ ನೇರ ದೂರ ಸುಮಾರು 1,750 ಕಿಲೋಮೀಟರ್. ಹೋಗಿ ಬರುವ 3,500 ಕಿಲೋಮೀಟರಿಗೆ ಬೆಳಕಿಗೂ 17.5 ಮಿಲಿಸೆಕೆಂಡ್ ಬೇಕು. ತಂತಿ ನೇರವಾಗಿ ಹೋಗುವುದಿಲ್ಲವಾದ್ದರಿಂದ ನಿಜವಾದ ಸಮಯ ಇದಕ್ಕಿಂತ ಹೆಚ್ಚೇ.

ಕಣ್ಣು ಮಿಟುಕಿಸುವುದರೊಳಗೆ ಆಗುವ ಕೆಲಸವಲ್ಲವೇ, ಅದೇನು ಮಹಾ ಎನ್ನಬಹುದು. ಒಂದೇ ಕಂಪ್ಯೂಟರಿನೊಳಗಿನ ಕರೆಗೆ ಧಾರಾಳವಾಗಿ 10 ನ್ಯಾನೋಸೆಕೆಂಡ್ ಎಂದು ಹಿಡಿಯೋಣ. ಆಗ ದೆಹಲಿಯ ಕರೆ ಅದರ 17.5 ಲಕ್ಷ ಪಟ್ಟು ನಿಧಾನ. ಹತ್ತಿರದ ಕರೆಗೆ ಒಂದು ಸೆಕೆಂಡ್ ಹಿಡಿಯುತ್ತದೆ ಎಂದು ಕಲ್ಪಿಸಿಕೊಂಡರೆ, ಅದೇ ಪ್ರಮಾಣದಲ್ಲಿ ದೆಹಲಿಯ ಕರೆಗೆ 20 ದಿನ ಬೇಕು! ಪಕ್ಕದ ಕೋಣೆಗೆ ಕೂಗುವುದಕ್ಕೂ ಕಾಗದ ಬರೆದು ಉತ್ತರಕ್ಕೆ ಕಾಯುವುದಕ್ಕೂ ಇರುವಷ್ಟು ಅಂತರ.

ಈ ಅಂತರವನ್ನು ಮರೆತು ಬರೆದ ಪ್ರೋಗ್ರಾಂಗಳು ಪೇಚಿಗೆ ಸಿಕ್ಕಿದವು. ಒಂದು ತರಗತಿಯ 200 ವಿದ್ಯಾರ್ಥಿಗಳ ಪಟ್ಟಿ ಬೇಕು ಎನ್ನಿ. ಪ್ರತಿಯೊಬ್ಬರ ಹೆಸರು, ವಿಳಾಸ, ವಿಭಾಗ, ಬಾಕಿ ಎಂದು 30 ವಿವರಗಳು. ಒಂದೊಂದು ವಿವರಕ್ಕೂ ಒಂದೊಂದು ಕರೆ ಮಾಡಿದರೆ 6,000 ಕರೆಗಳು. ಸರ್ವರ್ ಅದೇ ಕಟ್ಟಡದಲ್ಲಿದ್ದು ಕರೆಗೆ ಅರ್ಧ ಮಿಲಿಸೆಕೆಂಡ್ ಸಾಕಾದರೂ 3 ಸೆಕೆಂಡ್ ಕಾಯಬೇಕು. ಸರ್ವರ್ ದೆಹಲಿಯಲ್ಲಿದ್ದರೆ 105 ಸೆಕೆಂಡ್, ಅಂದರೆ ಒಂದು ಮುಕ್ಕಾಲು ನಿಮಿಷ. ಅದೇ ಪಟ್ಟಿಯನ್ನು ಒಂದೇ ಪೊಟ್ಟಣವಾಗಿ ಒಂದೇ ಕರೆಯಲ್ಲಿ ತರಿಸಿಕೊಂಡರೆ ದೆಹಲಿಯಿಂದಲೂ ಸೆಕೆಂಡಿನ ಸಣ್ಣ ಭಾಗದಲ್ಲಿ ಬಂದುಬಿಡುತ್ತದೆ. ಸಂತೆಗೆ ಹೋದವರು ಉಪ್ಪಿಗೊಮ್ಮೆ ಬೇಳೆಗೊಮ್ಮೆ ಓಡಾಡುವುದಿಲ್ಲ. ಚೀಟಿ ಬರೆದುಕೊಂಡು ಹೋಗಿ ಒಟ್ಟಿಗೇ ತರುತ್ತಾರೆ. ಇಷ್ಟು ಸಾಮಾನ್ಯ ವಿವೇಕವನ್ನು ತಂತ್ರಾಂಶದವರು ಅನುಭವದಿಂದ ಕಲಿಯಬೇಕಾಯಿತು. 2001ರಲ್ಲಿ ಬಂದ ಬೀನುಗಳ ಎರಡನೆಯ ನಿಯಮಾವಳಿ, ಒಂದೇ ಸರ್ವರಿನೊಳಗಿನ ಬೀನುಗಳು ಪರಸ್ಪರ ಮಾತನಾಡಲು ‘ಹತ್ತಿರದ ಒಪ್ಪಂದಪತ್ರ’ ಎಂಬ ಬೇರೆಯದೇ ದಾರಿಯನ್ನು ಮಾಡಿಕೊಟ್ಟಿತು. ಎಲ್ಲವನ್ನೂ ದೂರದ್ದೆಂದು ಎಣಿಸಿ ಕಟ್ಟಬೇಕಿಲ್ಲ ಎಂಬುದನ್ನು ನಿಯಮಾವಳಿಯೇ ಒಪ್ಪಿಕೊಂಡಂತಾಯಿತು.

ಅರ್ಧ ಕೆಟ್ಟರೆ?

ನಿಧಾನವನ್ನಾದರೂ ಸಹಿಸಬಹುದು. ನಿಜವಾದ ತೊಡಕು ಇರುವುದು ಬೇರೆಡೆ. ಒಂದೇ ಕಂಪ್ಯೂಟರ್ ಕೆಟ್ಟರೆ ಕರೆದವನೂ ಕೆಡುತ್ತಾನೆ, ಕರೆಸಿಕೊಂಡವನೂ ಕೆಡುತ್ತಾನೆ. ಎರಡು ಕಂಪ್ಯೂಟರುಗಳಿದ್ದಾಗ ಒಂದು ಕೆಟ್ಟು ಇನ್ನೊಂದು ಚೆನ್ನಾಗಿರಬಹುದು. ಎರಡೂ ಚೆನ್ನಾಗಿದ್ದು ನಡುವಿನ ತಂತಿ ಮಾತ್ರ ಕಡಿದಿರಬಹುದು. ಇದನ್ನು ‘ಭಾಗಶಃ ವೈಫಲ್ಯ’ ಎನ್ನುತ್ತಾರೆ.

ಆರ್‌ಎಂಐ ಬರುವುದಕ್ಕೆ ಮೊದಲೇ, 1994ರಲ್ಲಿ, ಸನ್ ಕಂಪನಿಯದೇ ಪ್ರಯೋಗಾಲಯದ ಜಿಮ್ ವಾಲ್ಡೊ ಮತ್ತು ಮೂವರು ಸಂಗಡಿಗರು ಈ ಕುರಿತು ಒಂದು ಪ್ರಬಂಧ ಬರೆದರು. ಹತ್ತಿರದ ವಸ್ತುವಿಗೂ ದೂರದ ವಸ್ತುವಿಗೂ ತಗಲುವ ಸಮಯ, ಸ್ಮೃತಿಕೋಶದ ಬಳಕೆ, ಭಾಗಶಃ ವೈಫಲ್ಯ, ಏಕಕಾಲದಲ್ಲಿ ಹಲವು ಕೆಲಸ ನಡೆಯುವುದು ಈ ನಾಲ್ಕು ವಿಷಯಗಳಲ್ಲಿ ಮೂಲಭೂತ ವ್ಯತ್ಯಾಸವಿದೆ. ಎರಡೂ ಒಂದೇ ಎಂದು ತೋರಿಸುವ ಪ್ರಯತ್ನ ಸೋಲುತ್ತದೆ ಎಂಬುದು ಅವರ ವಾದದ ತಿರುಳು. ಆ ನಾಲ್ವರಲ್ಲಿ ಒಬ್ಬರಾದ ಆನ್ ವೋಲ್‌ರಾತ್ ಮುಂದೆ ಆರ್‌ಎಂಐ ರೂಪಿಸುವಲ್ಲಿ ಪ್ರಮುಖ ಪಾತ್ರ ವಹಿಸಿದರು. ಅದರಲ್ಲಿ ದೂರದ ಪ್ರತಿಯೊಂದು ಕೆಲಸದ ಒಪ್ಪಂದದಲ್ಲೂ ‘ರಿಮೋಟ್ ಎಕ್ಸೆಪ್ಷನ್’ ಎಂಬ ಎಚ್ಚರಿಕೆ ಕಡ್ಡಾಯವಾಗಿ ಇರಬೇಕಿತ್ತು. ಸಂಪರ್ಕ ಕೈಕೊಟ್ಟರೆ ಏನು ಮಾಡುವುದೆಂದು ಬರೆಯದಿದ್ದರೆ, ಅಥವಾ ಆ ಹೊಣೆಯನ್ನು ಮೇಲಿನವರಿಗೆ ದಾಟಿಸದಿದ್ದರೆ ಪ್ರೋಗ್ರಾಂ ತಯಾರಾಗುತ್ತಲೇ ಇರಲಿಲ್ಲ. ಬಹಳ ಮಂದಿಗೆ ಇದು ಕಿರಿಕಿರಿ ಎನಿಸಿತು. 2006ರಲ್ಲಿ ಬಂದ ಮೂರನೆಯ ನಿಯಮಾವಳಿಯಲ್ಲಿ ಬೀನುಗಳ ಮಟ್ಟಿಗೆ ಈ ಕಡ್ಡಾಯ ಹೋಯಿತು. ಎಚ್ಚರಿಕೆಯ ಫಲಕವನ್ನು ತೆಗೆಯಲಾಯಿತೇ ಹೊರತು ರಸ್ತೆಯ ತಿರುವು ನೆಟ್ಟಗಾಗಲಿಲ್ಲ.

ಒಂದು ಕೆಲಸ, ಒಂದು ಸಂಖ್ಯೆ

ಹಾಗಾದರೆ ಇದಕ್ಕೆ ಪರಿಹಾರವೇ ಇಲ್ಲವೇ? ಪೂರ್ತಿ ಪರಿಹಾರ ಇಲ್ಲ. ಹಾನಿ ತಪ್ಪಿಸುವ ಎರಡು ಉಪಾಯಗಳಿವೆ. ಮೊದಲನೆಯದು ‘ಟ್ರಾನ್ಸಾಕ್ಷನ್’, ಅಂದರೆ ಅಖಂಡ ವ್ಯವಹಾರ. ಒಂದು ಖಾತೆಯಿಂದ ಕಳೆದು ಇನ್ನೊಂದಕ್ಕೆ ಸೇರಿಸುವ ಕೆಲಸದಲ್ಲಿ ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ನಡುವೆ ಕರೆಂಟ್ ಹೋದರೆ ಕಂಪ್ಯೂಟರ್ ಮತ್ತೆ ಎದ್ದಾಗ ಅರೆಬರೆ ಕೆಲಸವನ್ನು ಅಳಿಸಿ ಹಿಂದಿನ ಸ್ಥಿತಿಗೆ ತರುತ್ತದೆ. ಈ ಶಾಸ್ತ್ರವನ್ನು ಬೆಳೆಸಿದವರಲ್ಲಿ ಪ್ರಮುಖರಾದ ಜಿಮ್ ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಬೀನುಗಳ ಕಂಟೇನರ್ ಈ ಕೆಲಸವನ್ನು ತಾನೇ ನೋಡಿಕೊಳ್ಳುತ್ತದೆ. ಬೀನಿನ ಕೆಲಸ ಶುರುವಾಗುವಾಗ ವ್ಯವಹಾರ ತೆರೆಯುತ್ತದೆ, ಸರಿಯಾಗಿ ಮುಗಿದರೆ ಮುದ್ರೆ ಒತ್ತುತ್ತದೆ, ಸರ್ವರ್ ನಡುವೆ ಕುಸಿದರೆ ಎಲ್ಲವನ್ನೂ ಹಿಂದೆ ಪಡೆಯುತ್ತದೆ.

ಆದರೆ ಸರ್ವರಿನಲ್ಲಿ ಎಲ್ಲವೂ ಸರಿಯಾಗಿ ಮುಗಿದು, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋದರೆ? ಇಲ್ಲಿ ಎರಡನೆಯ ಉಪಾಯ ಬೇಕು. ಕರೆಯುವವನು ಪ್ರತಿಯೊಂದು ಕೋರಿಕೆಗೂ ಮೊದಲೇ ಒಂದು ಸಂಖ್ಯೆ ಕೊಡಬೇಕು. ಉತ್ತರ ಬಾರದಿದ್ದರೆ ಅದೇ ಸಂಖ್ಯೆಯೊಡನೆ ಮತ್ತೆ ಕೇಳಬೇಕು. ಸರ್ವರ್ ತನ್ನ ಪುಸ್ತಕದಲ್ಲಿ ಆ ಸಂಖ್ಯೆಯನ್ನು ಹುಡುಕುತ್ತದೆ. ಇದ್ದರೆ ಹೊಸದಾಗಿ ಹಣ ಕಳೆಯದೆ ಹಳೆಯ ರಸೀದಿಯನ್ನೇ ಮತ್ತೆ ಕೊಡುತ್ತದೆ. ಇಲ್ಲದಿದ್ದರೆ ಆಗ ಕೆಲಸ ಮಾಡುತ್ತದೆ. ಹೀಗೆ ಎಷ್ಟು ಸಲ ಕೇಳಿದರೂ ಹಣ ಹೋಗುವುದು ಒಂದೇ ಸಲ. ಹಿಂದೆ ಮನಿಯಾರ್ಡರ್ ಕಳುಹಿಸಿದವರು ರಸೀದಿಯ ಸಂಖ್ಯೆಯನ್ನು ಜೋಪಾನವಾಗಿಟ್ಟು, ಹಣ ತಲುಪದಿದ್ದರೆ ಆ ಸಂಖ್ಯೆ ಹೇಳಿ ಅಂಚೆ ಕಚೇರಿಯಲ್ಲಿ ವಿಚಾರಿಸುತ್ತಿದ್ದರು. ಉಪಾಯ ಅದೇ.

ಪಾಲಕರಿಗೂ ಇದರಿಂದ ಒಂದು ವ್ಯಾವಹಾರಿಕ ಪ್ರಯೋಜನವಿದೆ. ಮೊಬೈಲ್ ಪಾವತಿ ಬಾಕಿ ಎಂದು ತೋರಿಸಿದಾಗ ಗಾಬರಿಯಿಂದ ಮತ್ತೆ ಹೊಸದಾಗಿ ಪಾವತಿಸಿದರೆ ಅದು ಹೊಸ ಸಂಖ್ಯೆಯ ಹೊಸ ವ್ಯವಹಾರವಾಗುತ್ತದೆ. ಎರಡು ಸಲ ಹಣ ಹೋಗುವ ಸಾಧ್ಯತೆ ಇರುತ್ತದೆ. ಯುಪಿಐ ವಹಿವಾಟಿಗೆ 12 ಅಂಕಿಗಳ ಸಂಖ್ಯೆಯೊಂದು ಸಿಗುತ್ತದೆ. ಅದನ್ನು ಬರೆದಿಟ್ಟುಕೊಂಡು ಅದರ ಸ್ಥಿತಿ ಏನೆಂದು ನೋಡುವುದು ಮೊದಲ ಹೆಜ್ಜೆ. ಭಾರತೀಯ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯಲ್ಲಿ ಇದಕ್ಕೆ ಕಾಲಮಿತಿ ಇದೆ. ವ್ಯಕ್ತಿಯಿಂದ ವ್ಯಕ್ತಿಗೆ ಯುಪಿಐ ಮೂಲಕ ಕಳುಹಿಸಿದ ಹಣ ಕಡಿತವಾಗಿಯೂ ತಲುಪದಿದ್ದರೆ ಮಾರನೆಯ ದಿನದೊಳಗೆ, ವ್ಯಾಪಾರಿಗೆ ಪಾವತಿಸಿ ಖಚಿತತೆ ಬಾರದಿದ್ದರೆ 5 ದಿನಗಳೊಳಗೆ ಹಣ ತಾನಾಗಿ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಉತ್ತರ ಕಳೆದುಹೋಗುವುದನ್ನು ತಡೆಯಲಾಗದು ಎಂದು ಒಪ್ಪಿಕೊಂಡು, ಮುಂದೇನು ಎಂಬುದನ್ನು ಮೊದಲೇ ಗೊತ್ತುಪಡಿಸಿದ ನಿಯಮ ಇದು.

ತೆರೆದಿಟ್ಟ ಬಾಗಿಲು

ದೂರದ ಕರೆಗೆ ಬಾಗಿಲು ತೆರೆದರೆ ಕರೆಯದವರೂ ಬರಬಹುದು. ಜಾವಾದಲ್ಲಿ ವಸ್ತುಗಳನ್ನು ಪೊಟ್ಟಣ ಕಟ್ಟಿ ಕಳುಹಿಸುವ ಮತ್ತು ಆ ಕಡೆ ಬಿಚ್ಚುವ ಕ್ರಮವೊಂದಿದೆ. ಬಂದ ಪೊಟ್ಟಣವನ್ನು ಪರೀಕ್ಷಿಸದೆ ಬಿಚ್ಚಿದರೆ ಅದರೊಳಗೆ ಅಡಗಿಸಿಟ್ಟ ಕುತಂತ್ರ ಸರ್ವರಿನಲ್ಲಿ ಜೀವ ತಳೆಯಬಲ್ಲದು ಎಂಬುದು 2015ರಲ್ಲಿ ಜಗಜ್ಜಾಹೀರಾಯಿತು. ವೆಬ್‌ಲಾಜಿಕ್, ವೆಬ್‌ಸ್ಫಿಯರ್, ಜೆಬಾಸ್ ಮುಂತಾದ ದೊಡ್ಡ ಹೆಸರುಗಳೆಲ್ಲ ಆಗ ಬಾಧಿತವಾದವು. ತುರ್ತಾಗಿ ತೇಪೆ ಹಾಕಬೇಕಾಯಿತು. ಪೊಟ್ಟಣ ಎಲ್ಲಿಂದ ಬಂತು, ಒಳಗೆ ಏನಿರಬಹುದು ಎಂದು ನೋಡದೆ ಬಿಚ್ಚಬಾರದು ಎಂಬುದು ಮನೆಗೂ ಸರ್ವರಿಗೂ ಅನ್ವಯಿಸುವ ಮಾತು.

ಬದಲಾದ ಸಲಕರಣೆ, ಬದಲಾಗದ ಪ್ರಶ್ನೆ

2000ದ ನಂತರದ ವರ್ಷಗಳಲ್ಲಿ ಜೆ2ಇಇ ಎಂಬ ಪದ ಬೆಂಗಳೂರಿನ ಉದ್ಯೋಗ ಜಾಹೀರಾತುಗಳಲ್ಲೂ ತರಬೇತಿ ಕೇಂದ್ರಗಳ ಫಲಕಗಳಲ್ಲೂ ಎದ್ದು ಕಾಣುತ್ತಿತ್ತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2010ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ ‘ಜಾವಾ ಮತ್ತು ಜೆ2ಇಇ’ ಎಂಬ ಐಚ್ಛಿಕ ವಿಷಯವಿತ್ತು. ಬೀನುಗಳ ಪಾಠವೂ ಅದರಲ್ಲಿ ಸೇರಿತ್ತು.

ಆದರೆ ಸಲಕರಣೆಗಳು ಸುಮ್ಮನಿರಲಿಲ್ಲ. ಮೊದಲಿನ ಬೀನು ಬಹಳ ಶಿಸ್ತಿನದು. ಒಂದು ಸಣ್ಣ ಕೆಲಸಕ್ಕೂ ಎರಡು ಒಪ್ಪಂದಪತ್ರ, ಒಂದು ಕ್ಲಾಸು, ಜೊತೆಗೆ ಉದ್ದನೆಯ ವಿವರಣೆಯ ಕಡತ ಬೇಕಾಗುತ್ತಿತ್ತು. 2002ರಲ್ಲಿ ರಾಡ್ ಜಾನ್ಸನ್ ಎಂಬ ತಜ್ಞರು ತಮ್ಮ ಪುಸ್ತಕದಲ್ಲಿ ಈ ಭಾರವನ್ನು ಟೀಕಿಸಿ ಹಗುರವಾದ ದಾರಿ ತೋರಿಸಿದರು. ಅದರಿಂದ ಹುಟ್ಟಿದ ‘ಸ್ಪ್ರಿಂಗ್’ನ ಮೊದಲ ಪೂರ್ಣ ಆವೃತ್ತಿ 2004ರಲ್ಲಿ ಬಂದು ಬೇಗ ಹರಡಿತು. ಅದೇ 2002ರಲ್ಲಿ ಮಾರ್ಟಿನ್ ಫೌಲರ್ ಎಂಬ ಲೇಖಕರು, ವಸ್ತುಗಳನ್ನು ದೂರ ದೂರ ಹಂಚದೆ ಇರುವುದೇ ಹಂಚಿಕೆಯ ಮೊದಲ ನಿಯಮ ಎಂಬರ್ಥದ ಮಾತು ಬರೆದರು. 2006ರ ಮೂರನೆಯ ನಿಯಮಾವಳಿ ಬೀನನ್ನೂ ಹಗುರಗೊಳಿಸಿತು. ಕ್ಲಾಸಿನ ನೆತ್ತಿಯ ಮೇಲೆ ‘ಸ್ಟೇಟ್‌ಲೆಸ್’, ‘ರಿಮೋಟ್’ ಎಂಬ ಒಂದೆರಡು ಗುರುತು ಬರೆದರೆ ಸಾಕು ಎಂಬಂತಾಯಿತು.

ಮಾಲೀಕರೂ ಬದಲಾದರು. 2008ರಲ್ಲಿ ಬಿಇಎ, 2010ರಲ್ಲಿ ಸನ್ ಕಂಪನಿಯೇ ಒರಾಕಲ್ ಪಾಲಾದವು. 2017ರಲ್ಲಿ ಒರಾಕಲ್ ಈ ನಿಯಮಾವಳಿಗಳನ್ನು ಎಕ್ಲಿಪ್ಸ್ ಫೌಂಡೇಷನ್‌ಗೆ ಒಪ್ಪಿಸುವುದಾಗಿ ತಿಳಿಸಿತು. 2018ರಲ್ಲಿ ‘ಜಕಾರ್ತಾ ಇಇ’ ಎಂಬ ಹೊಸ ಹೆಸರು ಬಂತು. ಜಾವಾ ದ್ವೀಪದಲ್ಲಿರುವ ನಗರದ ಹೆಸರು! ಹೊಸ ವ್ಯವಸ್ಥೆಗಳನ್ನು ಇಂದು ಹೆಚ್ಚಾಗಿ ಕಟ್ಟುವುದು ‘ಮೈಕ್ರೋಸರ್ವಿಸ್’ ಎಂಬ ಚಿಕ್ಕ ಚಿಕ್ಕ ಸೇವೆಗಳಾಗಿ. ಅವು ಒಂದರೊಡನೊಂದು ಜಾಲದ ಮೂಲಕವೇ ಮಾತನಾಡುತ್ತವೆ. ಅಂದರೆ ದೂರದ ಕರೆಗಳ ಸಂಖ್ಯೆ ಹೆಚ್ಚಿದೆ. 1984ರಲ್ಲಿ ಬಿರೆಲ್ ಮತ್ತು ನೆಲ್ಸನ್ ಗುರುತಿಸಿದ ಸಂದೇಹ ಅಲ್ಲೂ ಹಾಗೆಯೇ ಇದೆ. ಸಲಕರಣೆಯ ಹೆಸರನ್ನಷ್ಟೇ ಬಾಯಿಪಾಠ ಮಾಡಿದವರು ಹೆಸರು ಬದಲಾದಾಗ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಪ್ರಶ್ನೆಯನ್ನು ಅರ್ಥಮಾಡಿಕೊಂಡವರಿಗೆ ಹೊಸ ಸಲಕರಣೆ ಕೆಲವು ವಾರಗಳ ಅಭ್ಯಾಸ, ಅಷ್ಟೆ.

ಎರಡು ಕಂಪ್ಯೂಟರುಗಳ ಪ್ರಯೋಗ

ಆಸಕ್ತ ವಿದ್ಯಾರ್ಥಿಗಳು ಇದನ್ನು ಕಾಲೇಜಿನ ಪ್ರಯೋಗಾಲಯದಲ್ಲೇ ಮಾಡಿ ನೋಡಬಹುದು. ಬೇಕಾಗುವುದು ಒಂದೇ ಜಾಲದಲ್ಲಿರುವ ಎರಡು ಕಂಪ್ಯೂಟರುಗಳು. ಜಾವಾ ಉಚಿತವಾಗಿ ಸಿಗುತ್ತದೆ. ವೈಲ್ಡ್‌ಫ್ಲೈ, ಗ್ಲಾಸ್‌ಫಿಶ್ ಎಂಬ ಅಪ್ಲಿಕೇಷನ್ ಸರ್ವರುಗಳಿಗೂ ಹಣ ಕೊಡಬೇಕಿಲ್ಲ. ಡೇಟಾಬೇಸಿನಲ್ಲಿ ಒಂದು ಸಾಲು ಬರೆದು, 10 ಸೆಕೆಂಡ್ ಸುಮ್ಮನಿದ್ದು, ನಂತರ ರಸೀದಿ ಸಂಖ್ಯೆ ಕೊಡುವ ಬೀನೊಂದನ್ನು ಕಟ್ಟಿ ಒಂದು ಕಂಪ್ಯೂಟರಿನಲ್ಲಿ ನಿಯೋಜಿಸಬೇಕು. ಇನ್ನೊಂದರಿಂದ ಕರೆಯಬೇಕು.

ಮೊದಲ ಸಲ, ಆ 10 ಸೆಕೆಂಡಿನೊಳಗೆ ಜಾಲದ ತಂತಿಯನ್ನು ಕಿತ್ತುಬಿಡಿ. ಎರಡನೆಯ ಸಲ, ತಂತಿ ಮುಟ್ಟದೆ ಸರ್ವರ್ ಪ್ರೋಗ್ರಾಂ ಅನ್ನೇ ಬಲವಂತವಾಗಿ ನಿಲ್ಲಿಸಿ. ಎರಡು ಸಲವೂ ಕರೆದ ಪ್ರೋಗ್ರಾಂಗೆ ರಸೀದಿ ಸಿಗುವುದಿಲ್ಲ. ಕಾಯುತ್ತ ಕೂರುತ್ತದೆ, ಇಲ್ಲವೇ ದೋಷವಿದೆ ಎನ್ನುತ್ತದೆ. ಈಗ ಡೇಟಾಬೇಸನ್ನು ತೆರೆದು ನೋಡಿ. ತಂತಿ ಕಿತ್ತಾಗ ಸಾಲು ದಾಖಲಾಗಿರುತ್ತದೆ, ಏಕೆಂದರೆ ಸರ್ವರ್ ತನ್ನ ಪಾಡಿಗೆ ಕೆಲಸ ಮುಗಿಸಿದೆ. ಸರ್ವರ್ ನಿಲ್ಲಿಸಿದಾಗ ಸಾಲು ಇರುವುದಿಲ್ಲ, ಏಕೆಂದರೆ ಅರೆಬರೆ ವ್ಯವಹಾರ ಅಳಿಸಿಹೋಗಿದೆ. ಕರೆದವನ ಕಣ್ಣಿಗೆ ಎರಡೂ ಒಂದೇ. ನಡೆದದ್ದು ಮಾತ್ರ ಬೇರೆ ಬೇರೆ. ಇನ್ನು ಕೋರಿಕೆಗೆ ಸಂಖ್ಯೆ ಕೊಡುವ ಉಪಾಯವನ್ನು ಸೇರಿಸಿ ಎರಡೂ ಪ್ರಯೋಗಗಳನ್ನು ಮತ್ತೆ ಮಾಡಿ, ಪ್ರತಿ ಸಲವೂ ಸಂಪರ್ಕ ಮರಳಿದ ಮೇಲೆ ಅದೇ ಸಂಖ್ಯೆಯೊಡನೆ ಮತ್ತೆ ಕರೆಯಿರಿ. ಕೊನೆಯಲ್ಲಿ ಡೇಟಾಬೇಸಿನಲ್ಲಿ ಆ ಸಂಖ್ಯೆಗೆ ಒಂದೇ ಸಾಲು ಉಳಿದಿದ್ದರೆ ಬೀನು ಸರಿಯಾಗಿ ಕಟ್ಟಿದಂತೆ.

ಮಗ ಅಥವಾ ಮಗಳು ಕಂಪ್ಯೂಟರ್ ಕೋರ್ಸ್ ಮುಗಿಸಿ ಬಂದಾಗ ಪಾಲಕರು ಸಾಮಾನ್ಯವಾಗಿ ಕೇಳುವುದು ‘ಯಾವ ಯಾವ ಭಾಷೆ ಕಲಿತೆ?’ ಎಂದು. ಅದರ ಜೊತೆಗೆ ‘ಆ ಕಡೆಯಿಂದ ಉತ್ತರ ಬಾರದಿದ್ದರೆ ನಿನ್ನ ಪ್ರೋಗ್ರಾಂ ಏನು ಮಾಡುತ್ತದೆ?’ ಎಂದೂ ಕೇಳಬಹುದು. ಸರಿಯಾಗಿ ಕಲಿತವರ ಬಳಿ ಈ ಪ್ರಶ್ನೆಗೆ ಉತ್ತರ ಇರುತ್ತದೆ.